ಅಮ್ಮನಿಗಾಗಿ ನಮ್ಮ ಮನೆಯನ್ನು ತಿದ್ದಿದವರಿಗೆ

ನಮ್ಮ ಅಮ್ಮನ ವೈಕುಂಠ ಸಮಾರಾಧನೆ ಕಳೆದ ವಾರ ಮುಗಿಯಿತು. ಅಲ್ಜೈಮರ್ಸ್ ಕಾಯಿಲೆಯ ಕೊನೆಯ ನಾಲ್ಕು ವರ್ಷಗಳನ್ನು ಅವಳು ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಬಹುಮಟ್ಟಿಗೆ ನೆಮ್ಮದಿಯಾಗಿಯೇ ಕಳೆದಳು. ಅದಕ್ಕೆ ಕಾರಣರಾದ ಕೆಲವರಿಗೆ ಎಲ್ಲರ ಎದುರು ಕೃತಜ್ಞತೆ ಹೇಳಬೇಕಾಗಿದೆ.

ಮೊದಲ ನಮಸ್ಕಾರ ಆಸ್ಪತ್ರೆಯ ಆಕ್ಯುಪೇಷನಲ್ ಥೆರಪಿಸ್ಟ್ ಅವರಿಗೆ, ಅಂದರೆ ರೋಗಿ ದಿನನಿತ್ಯದ ಕೆಲಸಗಳನ್ನು ಆದಷ್ಟು ತಾನೇ ಮಾಡಿಕೊಳ್ಳುವಂತೆ ನೆರವಾಗುವ ತಜ್ಞರಿಗೆ. ಸಾಗರದ ಮನೆಯಿಂದ ಕರೆತಂದ ಹೊಸದರಲ್ಲಿ ಅಮ್ಮ ಬಚ್ಚಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ಹಠವೆಂದು ತಿಳಿದು ನಾವು ಗದರಿದ್ದೂ ಉಂಟು. ಮನೆಗೆ ಬಂದ ಅವರು ಅಮ್ಮನನ್ನು ಮಾತಾಡಿಸುವ ಮೊದಲು ನೆಲವನ್ನು ನೋಡಿದರು. ಬಚ್ಚಲ ಬಾಗಿಲಿನ ಕಪ್ಪು ಮ್ಯಾಟು ಅವಳ ಕಣ್ಣಿಗೆ ಗುಂಡಿಯಂತೆಯೂ, ಹೊಳೆಯುವ ಟೈಲ್ಸು ನಿಂತ ನೀರಿನಂತೆಯೂ ಕಾಣುತ್ತಿರಬಹುದು ಎಂದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಒಳಗೆ ಸೇರುವ ಬೆಳಕು ಕಡಿಮೆಯಾಗುತ್ತದೆ; ಈ ಕಾಯಿಲೆಯಲ್ಲಿ ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಮಿದುಳೂ ಸೋಲುವುದರಿಂದ ನೆರಳು ಯಾವುದು, ಆಳ ಯಾವುದು ಎಂದು ತಿಳಿಯುವುದೇ ಕಷ್ಟವಾಗುತ್ತದೆ. ಮ್ಯಾಟು ತೆಗೆದು, ಇನ್ನೊಂದು ದೀಪ ಹಾಕಿಸಿದ ಮೇಲೆ ಅಮ್ಮ ಗೋಡೆ ಹಿಡಿದುಕೊಂಡು ತಾನಾಗಿಯೇ ಒಳಗೆ ಹೋದಳು.

ಊಟದ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕು. ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಬಡಿಸಿದರೆ ಅಮ್ಮ ತಟ್ಟೆಯ ಅಂಚನ್ನು ಸವರುತ್ತಾ ಕೂರುತ್ತಿದ್ದಳು, ಹಸಿವಿಲ್ಲವೆಂದು ನಾವು ಎತ್ತಿಬಿಡುತ್ತಿದ್ದೆವು; ಹೊಳೆಯುವ ತಟ್ಟೆಯಲ್ಲಿ ಬೆಳ್ಳಗಿನ ಅನ್ನ ಅವಳಿಗೆ ಎದ್ದು ಕಾಣದಿರಬಹುದೆಂದು ನಮಗೆ ತೋಚಿರಲಿಲ್ಲ. ಅಮೆರಿಕದ ಬಾಸ್ಟನ್ನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಯಿಲೆ ಬಲಿತಿದ್ದ 9 ಮಂದಿಗೆ ಬಿಳಿ ಪಾತ್ರೆಗಳ ಬದಲು ಕಡುಗೆಂಪು ಪಾತ್ರೆಗಳಲ್ಲಿ ಕೊಟ್ಟಾಗ ಅವರು ಶೇ. 25ರಷ್ಟು ಹೆಚ್ಚು ಆಹಾರವನ್ನೂ ಶೇ. 84ರಷ್ಟು ಹೆಚ್ಚು ಪಾನೀಯವನ್ನೂ ಸೇವಿಸಿದರಂತೆ. ಸಣ್ಣ ಗುಂಪು, ನಿಜ. ನಾನು ಕೆಂಪು ತಟ್ಟೆ ಹುಡುಕುತ್ತಿರುವಾಗ, ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಮಾರ್ಕೆಟ್ಟಿನಿಂದ ಬಾಳೆಲೆ ತಂದು ಹಾಸಿದರು. ಹಸಿರಿನ ಮೇಲೆ ಬೆಳ್ಳಗಿನ ಅನ್ನ ಬಿದ್ದದ್ದೇ ತಡ, ಅಮ್ಮ ಎಲೆಗೆ ನೀರು ಚಿಮುಕಿಸಿ, ತಾನೇ ಕಲಸಿ ಉಂಡಳು. ಆ ಅಕ್ಕನಿಗೆ ನಾನು ಋಣಿ.

ಬೀರುವಿನ ಕನ್ನಡಿಯಲ್ಲಿದ್ದ ಮುದುಕಿಯನ್ನು ಹಗಲಲ್ಲಿ ಕಾಫಿಗೆ ಕರೆಯುತ್ತಿದ್ದ ಅಮ್ಮ, ರಾತ್ರಿ ಅವಳನ್ನೇ ಕಳ್ಳಿಯೆಂದು ಬೈಯುತ್ತಿದ್ದಳು. ಕನ್ನಡಿಗೆ ಪ್ಲೈವುಡ್ ಹೊಡೆದುಕೊಟ್ಟು ದುಡ್ಡು ಬೇಡವೆಂದ ಬಡಗಿಗೂ ವಂದನೆಗಳು.

ಇದಕ್ಕೆಲ್ಲ ಮೊದಲು ಮೂರು ವಾರ ಅವಳನ್ನು ಒಂದು ಆರೈಕೆ ಕೇಂದ್ರದಲ್ಲಿ ಇರಿಸಿದ್ದೆವು. ಚೊಕ್ಕಟವಾದ ಜಾಗವೇ, ಆದರೆ ಮನೆಯ ಸಾಮಾನನ್ನು ಒಳಗೆ ಬಿಡಲಿಲ್ಲ, ಬರಿಗೋಡೆ ನೋಡುತ್ತಾ ಅಮ್ಮ ಸೆರಗಿನ ನೂಲು ಕೀಳುತ್ತಿದ್ದಳು. ಆ ಕೈಗಳಿಗೆ ಕೆಲಸ ಬೇಕಾಗಿದೆಯೆಂದು ಗುರುತಿಸಿದವರು ಅತ್ತಿಗೆ. ಸಾಗರದಿಂದ ಅವಳ ಹಳೆಯ ಬತ್ತಿಬುಟ್ಟಿಯನ್ನು, ಅರಳೆಯನ್ನು, ಒಂದು ಭರಣಿ ಒಲೆಯ ಬೂದಿಯನ್ನು ಬಸ್ಸಿನಲ್ಲಿ ಕಳುಹಿಸಿಕೊಟ್ಟರು. ಸಂಜೆಯಾಗುತ್ತಲೇ "ಮನೆಗೆ ಹೋಗಬೇಕು, ದನ ಬರುವ ಹೊತ್ತಾಯಿತು" ಎಂದು ಬಾಗಿಲು ಬಡಿಯುತ್ತಿದ್ದವಳು, ಬುಟ್ಟಿ ಮುಂದಿಟ್ಟರೆ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಬತ್ತಿ ಹೊಸೆಯತೊಡಗುತ್ತಿದ್ದಳು. ಕೈಗೆ ಪಳಗಿದ ಕೆಲಸದ ನೆನಪು ಹೆಸರು, ಮುಖಗಳ ನೆನಪಿಗಿಂತ ತಡವಾಗಿ ಅಳಿಯುತ್ತದೆಯಂತೆ, ನನ್ನನ್ನು "ಯಾರಮ್ಮಾ ನೀನು?" ಎಂದು ಕೇಳುತ್ತಿದ್ದ ದಿನಗಳಲ್ಲೂ ಅವಳ ಬತ್ತಿ ಒಂದೇ ಅಳತೆಗೆ ಬರುತ್ತಿತ್ತು.

ಸಮಾರಾಧನೆಯ ದಿನ ದೀಪಕ್ಕೆ ಹಾಕಿದ್ದು ಅವೇ ಬತ್ತಿಗಳು. ಇನ್ನೂ ಎರಡು ಡಬ್ಬಿ ತುಂಬ ಉಳಿದಿವೆ. ಬೇಕಾದವರು ಮನೆಗೆ ಬಂದು ಒಯ್ಯಬಹುದು.