ತೂಕ ಮತ್ತು ಬಿಲ್ಲಿನ ಪರದೆಯನ್ನು ಜಾವಾ ಆಪ್ಲೆಟ್‌ನಿಂದ ಡಾಟ್‌ನೆಟ್‌ಗೆ ವರ್ಗಾಯಿಸುವ ಕುರಿತು

ಮಾನ್ಯ ಗ್ರಾಹಕರೇ,

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ ಹಾಗೂ ಸಕಲೇಶಪುರ ಭಾಗದ ಕಾಫಿ ಡಿಪೋಗಳಲ್ಲಿ, ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮತ್ತು ಬೆಳೆಗಾರರ ಸಹಕಾರ ಸಂಘಗಳಲ್ಲಿ ತಾವು ಬಹುಕಾಲದಿಂದ ಬಳಸುತ್ತಿರುವ ನಮ್ಮ ತೂಕ ಮತ್ತು ಬಿಲ್ಲಿನ ತಂತ್ರಾಂಶವನ್ನು ಈ ಮಳೆಗಾಲದಲ್ಲಿ ಜಾವಾ ಆಪ್ಲೆಟ್‌ನಿಂದ (ಬ್ರೌಸರಿನೊಳಗೆ ತೆರೆಯುವ, ಜಾವಾ ಭಾಷೆಯ ಕಿರು ತಂತ್ರಾಂಶ) ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಗೆ ವರ್ಗಾಯಿಸುತ್ತಿದ್ದೇವೆ. ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ಗೆ ಮೊದಲೇ ಎಲ್ಲ ಕಡೆ ಕೆಲಸ ಮುಗಿಸುವುದು ನಮ್ಮ ಉದ್ದೇಶ. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲೇ ಇದು ಸೇರಿರುವುದರಿಂದ ಪ್ರತ್ಯೇಕ ಶುಲ್ಕವಿಲ್ಲ.

ಈಗಿನ ಪರದೆ ಬ್ರೌಸರಿನೊಳಗೆ ತೆರೆದುಕೊಂಡರೂ ಅದನ್ನು ನಡೆಸುವುದು ಬ್ರೌಸರಲ್ಲ, ಅದಕ್ಕೆ ಜೋಡಿಸಿರುವ ಜಾವಾ ಪ್ಲಗಿನ್. ಈ ಪ್ಲಗಿನ್‌ಗೆ ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿದವು. ಒರಾಕಲ್ ಸಂಸ್ಥೆಯೇ 2018ರ ಸೆಪ್ಟೆಂಬರ್‌ನಲ್ಲಿ ಹೊರತಂದ ಜಾವಾ 11ರಲ್ಲಿ ಪ್ಲಗಿನ್ ಅನ್ನು ಕೈಬಿಟ್ಟಿತು. ತಮ್ಮ ಕಂಪ್ಯೂಟರ್‌ಗಳಲ್ಲಿ ಇಂದಿಗೂ ಜಾವಾ 8 ಉಳಿದಿರುವುದಕ್ಕೆ ಇದೇ ಕಾರಣ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಕೂಡ 2022ರ ಜೂನ್ 15ರಂದು ನಿವೃತ್ತವಾದ ಮೇಲೆ ಉಳಿದಿರುವ ದಾರಿ ಎಡ್ಜ್ ಬ್ರೌಸರಿನಲ್ಲಿ ಹಳೆಯ ಎಕ್ಸ್‌ಪ್ಲೋರರ್‌ನಂತೆಯೇ ಪುಟ ತೆರೆಯುವ ಐಇ ಮೋಡ್ ಒಂದೇ. ಅದನ್ನು ಕನಿಷ್ಠ 2029ರವರೆಗೆ ಉಳಿಸುವುದಾಗಿ ಮೈಕ್ರೋಸಾಫ್ಟ್ ಹೇಳಿರುವುದರಿಂದ ಅಲ್ಲಿಯವರೆಗೆ ಹೀಗೇ ನಡೆಯಲಿ ಎಂದು ಕೆಲವು ಗ್ರಾಹಕರು ಸೂಚಿಸಿದ್ದಾರೆ. ಇದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಬ್ರೌಸರಿನಲ್ಲಿ ಜಾವಾ ಬಳಸುವುದನ್ನು ನಿಲ್ಲಿಸುವಂತೆ ಅಮೆರಿಕದ ಆಂತರಿಕ ಭದ್ರತಾ ಇಲಾಖೆ 2013ರ ಜನವರಿಯಲ್ಲೇ ಸಲಹೆ ನೀಡಿತ್ತು. 2019ರ ಜನವರಿಯ ನಂತರ ವಾಣಿಜ್ಯ ಬಳಕೆಗೆ ಜಾವಾ 8ರ ಉಚಿತ ಅಪ್‌ಡೇಟ್‌ಗಳೂ ನಿಂತಿವೆ. ನೂರಾರು ಬೆಳೆಗಾರರ ಬ್ಯಾಂಕ್ ಖಾತೆಯ ವಿವರಗಳಿರುವ ಕಂಪ್ಯೂಟರಿನಲ್ಲಿ ಅಂಥದ್ದೊಂದು ಪ್ಲಗಿನ್ ಇಟ್ಟುಕೊಂಡು ಇನ್ನಷ್ಟು ವರ್ಷ ದೂಡುವುದು ಸರಿಯಲ್ಲ.

ಜಾವಾವನ್ನು ಬಿಟ್ಟು ಅದರ ಪ್ರತಿಸ್ಪರ್ಧಿಯಾದ ಡಾಟ್‌ನೆಟ್‌ಗೇ ಏಕೆ ಹೋಗಬೇಕು ಎಂಬ ಪ್ರಶ್ನೆ ಸಹಜ. ಆಪ್ಲೆಟ್‌ಗಳನ್ನು ಅತ್ತ ಒಯ್ಯುವ ಆಲೋಚನೆ ಹಳೆಯದೇ. ಮೈಕ್ರೋಸಾಫ್ಟ್ ತನ್ನ ಜೆ ಶಾರ್ಪ್ ಭಾಷೆಯ ಮೂಲಕ ಹಿಂದೊಮ್ಮೆ ಅಂಥ ದಾರಿ ಮಾಡಿಕೊಟ್ಟಿತ್ತು. ಆದರೆ ಅದಕ್ಕೂ ಪ್ರತಿ ಕಂಪ್ಯೂಟರಿನಲ್ಲಿ ಬೇರೆ ತಂತ್ರಾಂಶ ಹಾಕಬೇಕಿತ್ತು. ಅನಂತರ ಬಂದ ಸಿಲ್ವರ್‌ಲೈಟ್ ಸಹ ಪ್ಲಗಿನ್ನೇ ಆಗಿದ್ದು, ಅದರ ಬೆಂಬಲ 2021ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು. ಒಂದು ಪ್ಲಗಿನ್ ಬಿಟ್ಟು ಇನ್ನೊಂದನ್ನು ಹಿಡಿಯುವುದರಲ್ಲಿ ಅರ್ಥ ಕಾಣದೆ ನಾವು ಕಾದೆವು. ಈಗ ಆರಿಸಿಕೊಂಡಿರುವ ಬ್ಲೇಜರ್, ಅಂದರೆ ಡಾಟ್‌ನೆಟ್‌ನಲ್ಲಿ ವೆಬ್ ಪರದೆ ಕಟ್ಟುವ ಸಾಧನ, ಯಾವ ಪ್ಲಗಿನ್ನನ್ನೂ ಬೇಡುವುದಿಲ್ಲ. ವೆಬ್‌ಅಸೆಂಬ್ಲಿ ಎಂಬ, 2019ರ ಡಿಸೆಂಬರ್‌ನಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆಯಾದ ಡಬ್ಲ್ಯೂ3ಸಿ ಅಂಗೀಕರಿಸಿದ ಮುಕ್ತ ಮಾನದಂಡದ ಮೇಲೆ ಬ್ರೌಸರ್ ತಾನೇ ಅದನ್ನು ನಡೆಸುತ್ತದೆ. ಡಾಟ್‌ನೆಟ್ ಕೂಡ ಈಗ ಮುಕ್ತ ಆಕರದ್ದು. ಜಾವಾಸ್ಕ್ರಿಪ್ಟ್ ಅನ್ನೂ ಪರಿಶೀಲಿಸಿದೆವು. ಹಣದ ಲೆಕ್ಕಕ್ಕೆ ಬೇಕಾದ ದಶಮಾಂಶ ಸಂಖ್ಯೆಯ ವ್ಯವಸ್ಥೆ ಆ ಭಾಷೆಯೊಳಗೇ ಇಲ್ಲ, ಡಾಟ್‌ನೆಟ್‌ನ ಭಾಷೆಯಾದ ಸಿ ಶಾರ್ಪ್‌ನಲ್ಲಿದೆ. ಮೇಲಾಗಿ ಜಾವಾ ಮತ್ತು ಸಿ ಶಾರ್ಪ್ ರಚನೆಯಲ್ಲಿ ಎಷ್ಟು ಹತ್ತಿರವೆಂದರೆ, ಔಟ್‌ಟರ್ನ್ (ಹಸನು ಮಾಡಿದ ಮೇಲೆ ಸಿಗುವ ಬೀಜದ ಪ್ರಮಾಣ) ಮತ್ತು ತೇವಾಂಶದ ಲೆಕ್ಕಾಚಾರವನ್ನು ಹೆಚ್ಚುಕಡಿಮೆ ಸಾಲಿಗೆ ಸಾಲು ಹಾಗೆಯೇ ತರಲು ಸಾಧ್ಯವಾಗಿದೆ.

ಹೀಗೆ ಹತ್ತಿರವಿರುವುದರಿಂದಲೇ ಸಣ್ಣ ವ್ಯತ್ಯಾಸಗಳು ಕಣ್ತಪ್ಪುವ ಅಪಾಯವೂ ಇದೆ. ಬಿಲ್ಲಿನ ಮೊತ್ತ 48,612 ರೂಪಾಯಿ 50 ಪೈಸೆ ಬಂದಿತೆನ್ನಿ. ಪೂರ್ಣ ರೂಪಾಯಿಗೆ ತರುವಾಗ ಜಾವಾದ ಸಾಮಾನ್ಯ ಕ್ರಮ ಅದನ್ನು 48,613 ಮಾಡುತ್ತದೆ. ಡಾಟ್‌ನೆಟ್ ಅನ್ನು ಅದರ ಪಾಡಿಗೆ ಬಿಟ್ಟರೆ ಹತ್ತಿರದ ಸಮಸಂಖ್ಯೆಗೆ ಇಳಿದು 48,612 ಎನ್ನುತ್ತದೆ. ಮೊತ್ತ 48,613 ರೂಪಾಯಿ 50 ಪೈಸೆಯಾದರೆ ಮಾತ್ರ ಎರಡೂ 48,614 ಎಂದೇ ಹೇಳುತ್ತವೆ. ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುವ ಒಂದು ರೂಪಾಯಿಯ ವ್ಯತ್ಯಾಸವಿದು. ಕೈಯಲ್ಲಿ ಲೆಕ್ಕ ಹಾಕಿಕೊಂಡೇ ಡಿಪೋಗೆ ಬರುವ ಬೆಳೆಗಾರರು ಇದನ್ನು ಮೊದಲ ದಿನವೇ ಹಿಡಿಯುತ್ತಾರೆ, ಹಿಡಿಯುವುದು ನ್ಯಾಯವೂ ಹೌದು. ಆದ್ದರಿಂದ ಮೊತ್ತವನ್ನು ಪೂರ್ಣಗೊಳಿಸುವ ಪ್ರತಿಯೊಂದು ಕಡೆಯೂ ಐವತ್ತು ಪೈಸೆಯನ್ನು ಮೇಲಕ್ಕೇ ಏರಿಸುವಂತೆ ಹೊಸ ತಂತ್ರಾಂಶದಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ.

ಬೆಳೆಗಾರರ ಹೆಸರುಗಳ ಬಗ್ಗೆ ತಮ್ಮ ನೆರವು ಬೇಕಾಗಿದೆ. ಹಳೆಯ ಕಡತಗಳಲ್ಲಿ ಹೆಸರುಗಳು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಹೊಸದರಲ್ಲಿ ಎಲ್ಲವೂ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೆ ಒಪ್ಪಿತವಾದ ಸಂಕೇತ ಕ್ರಮ. ಹಳೆಯ ಕ್ರಮದಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಸಾಲಿನಲ್ಲೇ ದಾಖಲಾಗುತ್ತಿದ್ದವು. ಪಾರ್ವತಮ್ಮ ಎಂಬ ಹೆಸರಿನ ಅರ್ಕಾವೊತ್ತು ಅಲ್ಲಿ ವಕಾರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ಅದೇ ರಕಾರ ವಕಾರಕ್ಕಿಂತ ಮೊದಲು ಬರಬೇಕು. ಪರಿವರ್ತನೆಯನ್ನು ಯಂತ್ರವೇ ಮಾಡುತ್ತದಾದರೂ ಒತ್ತಕ್ಷರ ಮತ್ತು ಅರ್ಕಾವೊತ್ತು ಕೂಡಿಬರುವ ಹೆಸರುಗಳನ್ನು ಆ ಊರನ್ನು ಬಲ್ಲವರೊಬ್ಬರು ಓದಿ ನೋಡುವುದು ಅಗತ್ಯ. ಅಂಥ ಹೆಸರುಗಳನ್ನು ಬೇರ್ಪಡಿಸಿ ಮುದ್ರಿಸಿ ಕಳುಹಿಸುತ್ತೇವೆ. ದಯವಿಟ್ಟು ತಿದ್ದಿ ಹಿಂದಿರುಗಿಸಿ.

ತೂಕದ ಯಂತ್ರದಿಂದ ಅಂಕಿ ನೇರವಾಗಿ ಪರದೆಗೆ ಬರುವ ಸೌಲಭ್ಯ ಮುಂದುವರಿಯುತ್ತದೆ. ತೂಕದ ಯಂತ್ರದ ತಂತಿ ಸೇರುವ ಸೀರಿಯಲ್ ಪೋರ್ಟ್ ಅನ್ನು ಈಗ ಬ್ರೌಸರೇ ಓದುವುದರಿಂದ ತೂಕದ ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಎಡ್ಜ್ ಬಳಸಬೇಕು, ಮೊದಲ ಸಲ ಪೋರ್ಟ್ ಆರಿಸಿ ಅನುಮತಿ ನೀಡಬೇಕು. ಮೊದಲ ಬಾರಿ ತೆರೆಯುವಾಗ ಪರದೆ ಹಳೆಯದಕ್ಕಿಂತ ನಿಧಾನವಾಗಿ ಬರುತ್ತದೆ. ಬೇಕಾದ ಕಡತಗಳು ಒಮ್ಮೆ ಇಳಿದ ಮೇಲೆ ಬ್ರೌಸರಿನಲ್ಲೇ ಉಳಿಯುತ್ತವೆ. ಕೀಲಿಗಳ ಕ್ರಮ, ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ) ಮತ್ತು ಪಾರ್ಚ್‌ಮೆಂಟ್‌ನ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಫಿ) ಪ್ರತ್ಯೇಕ ಪುಟಗಳು, 50 ಕಿಲೋ ಚೀಲದ ದರ ನಮೂದಿಸುವ ವಿಧಾನ ಮತ್ತು ರಸೀದಿಯ ನಮೂನೆ ಯಾವುದೂ ಬದಲಾಗುವುದಿಲ್ಲ.

ಖರೀದಿ ಇಲ್ಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಿಬ್ಬಂದಿ ಒಂದೊಂದೇ ಕಚೇರಿಗೆ ಬಂದು, ಕಳೆದ ಹಂಗಾಮಿನ ಬಿಲ್ಲುಗಳನ್ನೇ ಹೊಸ ಪರದೆಯಲ್ಲಿ ಮತ್ತೆ ಲೆಕ್ಕ ಹಾಕಿಸಿ, ಹಳೆಯ ರಸೀದಿಗಳೊಂದಿಗೆ ತಮ್ಮ ಎದುರಿನಲ್ಲೇ ತಾಳೆ ನೋಡುತ್ತಾರೆ. ಮೊತ್ತಗಳು ಪೈಸೆಗೆ ಪೈಸೆ ಹೊಂದಿ ತಾವು ಸಹಿ ಮಾಡಿದ ಮೇಲಷ್ಟೇ ಆ ಕಂಪ್ಯೂಟರಿನಿಂದ ಜಾವಾ 8 ಅನ್ನು ತೆಗೆಯಲಾಗುವುದು. ಅಲ್ಲಿಯವರೆಗೆ ಜಾವಾವನ್ನಾಗಲೀ ಐಇ ಮೋಡ್‌ನ ವ್ಯವಸ್ಥೆಯನ್ನಾಗಲೀ ತಾವಾಗಿ ತೆಗೆಯಬಾರದೆಂದೂ, ಸಿಬ್ಬಂದಿ ಬರುವ ಮೊದಲು ದತ್ತಾಂಶದ ಬ್ಯಾಕಪ್ ಪ್ರತಿಯೊಂದನ್ನು ಪ್ರತ್ಯೇಕ ಡಿಸ್ಕಿನಲ್ಲಿ ಇರಿಸಿಕೊಳ್ಳಬೇಕೆಂದೂ ಕೋರುತ್ತೇವೆ. ತಮಗೆ ಅನುಕೂಲವಾದ ವಾರವನ್ನು ನಮ್ಮ ಚಿಕ್ಕಮಗಳೂರು ಕಚೇರಿಗೆ ಮೇ ತಿಂಗಳೊಳಗೆ ತಿಳಿಸಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಚಿಕ್ಕಮಗಳೂರು