ರಗ್ಗು ತರಿಸುವ ಮೊದಲು ಕುದುರೆ ಮೈ ಮುಟ್ಟಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಚಳಿ ಶುರುವಾದ ಮೇಲೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಕುದುರೆ ಸಾಕುವವರ ಬಾಯಲ್ಲಿ ಒಂದೇ ಮಾತು. ಕುದುರೆಗೆ ಹೊದಿಸುವ ರಗ್ಗು ಎಷ್ಟು ಗ್ರಾಮಿನದು ತಗೋಬೇಕು? 200 ಸಾಕಾ, 300 ಬೇಕಾ? ಮದುವೆ ಮೆರವಣಿಗೆಗೆ ಕುದುರೆ ಇಟ್ಟವರು, ಮಕ್ಕಳಿಗೆ ಸವಾರಿ ಕಲಿಸುವವರು, ತೋಟದ ಮನೆಯಲ್ಲಿ ಆಸೆಗೆ ಒಂದು ಸಾಕಿಕೊಂಡವರು, ಎಲ್ಲರೂ ಮೊಬೈಲಿನಲ್ಲಿ ನೋಡಿ ತರಿಸುತ್ತಿದ್ದಾರೆ. ಬರುವುದು ಹೆಚ್ಚಾಗಿ ದಪ್ಪನೆಯದೇ. ಕುದುರೆ ಮೇಲಿನ ಪ್ರೀತಿಯಿಂದ ತರಿಸುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ದಪ್ಪ ರಗ್ಗು ನಮ್ಮ ಊರಿನ ಕುದುರೆಗೆ ಬೇಡ. ಆರೋಗ್ಯವಾಗಿರುವ ಹೆಚ್ಚಿನ ಕುದುರೆಗಳಿಗೆ ಯಾವ ರಗ್ಗೂ ಬೇಡ. ಯಾರಾದರೂ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಆ ಗ್ರಾಂ ಲೆಕ್ಕ ನೋಡೋಣ. 300 ಗ್ರಾಂ ಅಂದರೆ ರಗ್ಗಿನ ತೂಕ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಅದು ಒಳಗೆ ತುಂಬಿದ ಹತ್ತಿಯಂಥ ಪದರದ ಲೆಕ್ಕ, ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಅಂತ. 0 ಅಂದರೆ ಒಳಗೆ ಏನೂ ತುಂಬಿಲ್ಲ, ಬರೀ ಗಾಳಿ ಮಳೆ ತಡೆಯುವ ಬಟ್ಟೆ. 50ರಿಂದ 100 ಹಗುರ. 150ರಿಂದ 250 ಮಧ್ಯಮ. 300 ದಾಟಿದರೆ ಭಾರಿ, ಅಂಥದ್ದು ಹಿಮ ಬೀಳುವ ಊರುಗಳಿಗೆ. ಜೊತೆಗೆ 600, 1200 ಡೀನಿಯರ್ ಅಂತ ಇನ್ನೊಂದು ಸಂಖ್ಯೆ ಬರೆದಿರುತ್ತಾರೆ. ಅದು ಹೊರಬಟ್ಟೆಯ ದಾರ ಎಷ್ಟು ದಪ್ಪ ಅನ್ನುವುದು, ಹರಿಯದೆ ಬಾಳಿಕೆ ಬರಲಿ ಅಂತ. ಬೆಚ್ಚಗಿರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡೂ ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು ಅಂದುಕೊಂಡು ದುಡ್ಡು ಹಾಕಬೇಡಿ.

ಈಗ ನಮ್ಮ ಚಳಿ ಎಷ್ಟು ಅಂತ ನೋಡಿ. ಡಿಸೆಂಬರ್, ಜನವರಿಯ ಬೆಳಗ್ಗೆ ಇಲ್ಲಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ, ಕೆಲವು ದಿನ 10ರ ಹತ್ತಿರಕ್ಕೆ ಇಳಿಯುತ್ತದೆ. ನಂದಿ ಬೆಟ್ಟ 1478 ಮೀಟರ್ ಎತ್ತರದಲ್ಲಿದೆ, ಅಲ್ಲಿ ಚಳಿ ಇನ್ನೂ ಸ್ವಲ್ಪ ಜಾಸ್ತಿ. ನಾವು ಸ್ವೆಟರು, ಮಫ್ಲರು ಸುತ್ತಿಕೊಂಡು ಬೆಂಕಿ ಕಾಯಿಸುತ್ತೇವೆ. ಕುದುರೆಗೆ ಹಾಗಲ್ಲ. ಅದಕ್ಕೆ ಸುಮಾರು 5ರಿಂದ 25 ಡಿಗ್ರಿವರೆಗೆ ಹಾಯಾಗಿರುತ್ತದೆ, ಮೈ ಬೆಚ್ಚಗಿಡಲು ವಿಶೇಷವಾಗಿ ಏನೂ ಕಷ್ಟಪಡಬೇಕಿಲ್ಲ. ಅಂದರೆ ನಮಗೆ ಹಲ್ಲು ಕಟಕಟ ಅನ್ನುವ ಬೆಳಗ್ಗೆಯೂ ಅದಕ್ಕೆ ಹಿತವಾದ ಹವೆಯೇ. ನಮ್ಮ ಚಳಿಯನ್ನು ಅದರ ಮೇಲೆ ಹೊದಿಸುವುದು ಬೇಡ.

ದಪ್ಪ ರಗ್ಗು ಹಾಕುವವರಿಗೆ ಎದುರು ವಾದವೂ ಇದೆ, ಅದನ್ನೂ ಹೇಳಬೇಕು. ಚಳಿ ದೇಶದ ಕುದುರೆಗಳು ಸೊನ್ನೆಗಿಂತ ಕೆಳಗೂ ರಗ್ಗಿಲ್ಲದೆ ಬಯಲಲ್ಲಿ ಇರುತ್ತವಲ್ಲ, ನಮ್ಮವಕ್ಕೆ ಏನಾಗುತ್ತೆ ಅನ್ನುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಕುದುರೆಗೆ ಚಳಿಗಾಲದ ದಟ್ಟ ಕೂದಲು ಬರುವುದು ಮುಖ್ಯವಾಗಿ ಹಗಲು ಕುಗ್ಗುವುದರಿಂದ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ನಮ್ಮಲ್ಲಿ ಎಷ್ಟು ಕುಗ್ಗಿದರೂ ಹನ್ನೊಂದು ಗಂಟೆಗಿಂತ ಮೇಲೇ. ಹಾಗಾಗಿ ನಮ್ಮ ಕುದುರೆಗಳಿಗೆ ಅಷ್ಟು ಕೂದಲು ಬರುವುದಿಲ್ಲ. ಮಾರ್ವಾಡಿ, ಕಾಠಿಯಾವಾಡಿ ತಳಿಗಳು ಬಿಸಿಲು ನಾಡಿನವು, ಚರ್ಮ ತೆಳು. ರೇಸಿನಿಂದ ಬಿಟ್ಟು ಬಂದ ಥರೋಬ್ರೆಡ್ ಕುದುರೆಗಳದ್ದೂ ನಯವಾದ ಮೈ. ಆದ್ದರಿಂದ ಇಂಗ್ಲೆಂಡಿನ ರಗ್ಗೂ ನಮಗೆ ಹೊಂದುವುದಿಲ್ಲ, ಅಲ್ಲಿಯ 'ಏನೂ ಬೇಡ' ಅನ್ನುವ ಮಾತೂ ಹಾಗೇ ಹೊಂದುವುದಿಲ್ಲ. ಒಂದೊಂದು ಕುದುರೆಯನ್ನೂ ನೋಡಿಯೇ ತೀರ್ಮಾನ ಮಾಡಬೇಕು.

ನಮ್ಮ ಹೋಬಳಿಯ ಒಬ್ಬರು ತಮ್ಮ ಹೆಣ್ಣುಕುದುರೆಗೆ 300 ಗ್ರಾಮಿನ ರಗ್ಗು ಹಾಕಿದ್ದರು. ಒಳ್ಳೆ ಮೈಕಟ್ಟಿನ ಕುದುರೆ, ವಯಸ್ಸೂ ಹೆಚ್ಚಿಲ್ಲ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಏರಿತ್ತು, ರಗ್ಗು ಇನ್ನೂ ಬೆನ್ನ ಮೇಲೇ ಇತ್ತು. ಸೊಪ್ಪು ತರಲು ಹೋದವರು ಬಂದು ತೆಗೆದರಾಯಿತು ಅಂತ ಬಿಟ್ಟಿದ್ದರಂತೆ. ತೆಗೆದಾಗ ಒಳಗಿಂದ ಹಬೆ ಎದ್ದಿತು. ಕೂದಲು ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು, ಪಕ್ಕೆಯ ಮೇಲೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ. ಕತ್ತು ಬೆನ್ನು ಸೇರುವ ಉಬ್ಬಿನ ಮೇಲೆ ರಗ್ಗಿನ ಅಂಚು ಉಜ್ಜಿ ಉಜ್ಜಿ ಕೂದಲು ಹೋಗಿ ಚರ್ಮ ಕೆಂಪಗಾಗಿತ್ತು. ಇದರಲ್ಲಿ ಇನ್ನೊಂದು ಅಪಾಯ ಇದೆ. ರಾತ್ರಿ ಮೊದಲ ಜಾವದಲ್ಲಿ ಬೆವತು, ಬೆಳಗಿನ ಜಾವ ಹೊರಗೆ ತಣ್ಣಗಾದಾಗ ಆ ಒದ್ದೆಯಿಂದಲೇ ಕುದುರೆಗೆ ಚಳಿ ಹಿಡಿಯುತ್ತದೆ. ಒದ್ದೆ ಮೈಯಲ್ಲೇ ಹುಳುಕಡ್ಡಿ, ಹುರುಪೆ ಎಲ್ಲಾ ಶುರುವಾಗುವುದು.

ಬರೀ ಕೈಯಿಂದಲೇ ಪರೀಕ್ಷೆ ಮಾಡಬಹುದು, ಯಾವ ಯಂತ್ರವೂ ಬೇಡ. ಕತ್ತು ಬೆನ್ನು ಸೇರುವ ಆ ಉಬ್ಬಿನ ಹಿಂದೆ, ರಗ್ಗಿನ ಕೆಳಗೆ ಅಂಗೈ ತೂರಿಸಿ. ಒಣಗಿದ್ದು ಹದವಾಗಿ ಬೆಚ್ಚಗಿದ್ದರೆ ಸರಿ. ಬಿಸಿ ಅಥವಾ ಪಸೆ ಪಸೆ ಇದ್ದರೆ ರಗ್ಗು ಜಾಸ್ತಿಯಾಯಿತು, ಆಗಲೇ ತೆಗೆಯಿರಿ. ತಣ್ಣಗಿದ್ದು ಕುದುರೆ ಬಾಲ ಒತ್ತಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಮೈ ಕುಗ್ಗಿಸಿ ನಿಂತಿದ್ದರೆ ಅದಕ್ಕೆ ಚಳಿ ಆಗುತ್ತಿದೆ. ನಡುಗುತ್ತಿದ್ದರಂತೂ ತಡಮಾಡುವ ಹಾಗೇ ಇಲ್ಲ. ಕಿವಿ ಮುಟ್ಟಿ ನೋಡಿ ಚಳಿ ಅನ್ನುವವರಿದ್ದಾರೆ. ಕಿವಿ ಮತ್ತು ಕಾಲು ಸಹಜವಾಗಿಯೇ ತಣ್ಣಗಿರಬಹುದು, ಅದೊಂದನ್ನೇ ನಂಬಬೇಡಿ.

ಹಾಗಾದರೆ ಯಾರಿಗೆ ಬೇಕು? ವಯಸ್ಸಾದ ಕುದುರೆ, ಪಕ್ಕೆಲುಬು ಎಣಿಸುವ ಹಾಗೆ ಬಡಕಲಾದದ್ದು, ಕಾಯಿಲೆಯಿಂದ ಎದ್ದದ್ದು, ಚಿಕ್ಕ ಮರಿ, ಬಿಸಿಲೂರಿಂದ ಹೊಸದಾಗಿ ಬಂದದ್ದು. ಮತ್ತೆ ಮೆರವಣಿಗೆಯಲ್ಲಿ ಮಿಂಚಲಿ ಅಂತ ಟ್ರಿಮ್ಮರ್ ಹಾಕಿ ಮೈಗೂದಲು ತೆಗೆಸಿದ್ದರೆ ಅದಕ್ಕೂ ಬೇಕು, ಯಾಕೆಂದರೆ ಅದರ ಸ್ವಂತ ಕಂಬಳಿಯನ್ನು ನಾವೇ ಕಿತ್ತುಕೊಂಡಿದ್ದೇವೆ. ಇವಕ್ಕೂ ನಮ್ಮ ಊರಿನ ಚಳಿಗೆ ರಾತ್ರಿ ಹೊತ್ತು 50, 100 ಗ್ರಾಮಿನದು ಸಾಕು. ತೀರಾ ಬಡವಾಗಿದ್ದು ಕೂದಲೂ ಇಲ್ಲದಿದ್ದರೆ ತೀರಾ ತಣ್ಣನೆಯ ರಾತ್ರಿಗೆ 150, ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಬಿಸಿಲು ಬಂದ ತಕ್ಷಣ ತೆಗೆಯಲೇಬೇಕು. ಮಧ್ಯಾಹ್ನಕ್ಕೆ ಇಲ್ಲಿ 26, 27 ಡಿಗ್ರಿ ಆಗುತ್ತದೆ, ಬೆಳಗ್ಗೆ ಸಂಜೆ ತೆಗೆದು ಹಾಕುವ ಜನ ಇಲ್ಲದ ಮನೆಯಲ್ಲಿ ರಗ್ಗು ತರದಿರುವುದೇ ಒಳ್ಳೆಯದು.

ಇನ್ನು ಕಂಬಳಿ. ಕುರಿ ಕಂಬಳಿಯ ಬಗ್ಗೆ ನನಗೆ ತುಂಬಾ ಒಳ್ಳೆ ಅಭಿಪ್ರಾಯ ಇದೆ. ಉಣ್ಣೆ ಬೆವರಿನ ಹಬೆಯನ್ನು ಎಳೆದುಕೊಳ್ಳುತ್ತದೆ, ಸ್ವಲ್ಪ ಒದ್ದೆಯಾದರೂ ಬೆಚ್ಚಗೇ ಇರುತ್ತದೆ. ಜಾರಿ ಬಿದ್ದು ಕಾಲಿಗೆ ಸುತ್ತಿಕೊಳ್ಳದ ಹಾಗೆ ಅಗಲವಾದ ಪಟ್ಟಿಯಿಂದ ಕಟ್ಟಬೇಕು, ಬೆನ್ನುಮೂಳೆ ಮೇಲೆ ಒತ್ತದ ಹಾಗೆ ಎರಡೂ ಪಕ್ಕ ಮೆತ್ತೆ ಇಡಬೇಕು. ಹಗ್ಗದಿಂದ ಬಿಗಿದರೆ ಗಾಯ ಗ್ಯಾರಂಟಿ. ಗೋಣಿತಾಟು ಒಣಗಿದ್ದರೆ ಪರವಾಗಿಲ್ಲ, ಇಬ್ಬನಿಗೆ ಒದ್ದೆಯಾದರೆ ಭಾರವಾಗಿ ತಣ್ಣಗೆ ಕೂರುತ್ತದೆ. ಟಾರ್ಪಾಲು ಮಾತ್ರ ಬೇಡವೇ ಬೇಡ, ಒಳಗಿನ ಹಬೆ ಹೊರಗೆ ಹೋಗುವುದಿಲ್ಲ. ರಗ್ಗೇ ತಗೊಳ್ಳುವುದಾದರೆ ಎದೆಯ ನಡುವಿನಿಂದ ಪಕ್ಕದಲ್ಲಿ ಹಿಂತೊಡೆಯ ಕೊನೆವರೆಗೆ ಟೇಪು ಹಿಡಿದು ಅಳೆದು ತಗೊಳ್ಳಿ. ಹೊಟ್ಟೆ ಕೆಳಗಿನ ಪಟ್ಟಿಗೂ ಹೊಟ್ಟೆಗೂ ನಡುವೆ ಅಂಗೈ ಅಗಲ ಜಾಗ ಇರಲಿ. ಲಾಯದೊಳಗೆ ಹಾಕುವ ರಗ್ಗು ಸಾಮಾನ್ಯವಾಗಿ ಮಳೆ ತಡೆಯುವುದಿಲ್ಲ, ಅದನ್ನು ಹಾಕಿ ಹೊರಗೆ ಕಟ್ಟಬೇಡಿ.

ನಾನು ಒತ್ತಿ ಹೇಳಬೇಕಾದ್ದು ಗಾಳಿ ಮಳೆ ಬಗ್ಗೆ. ಒಣ ಚಳಿಯಲ್ಲಿ ಕುದುರೆಯ ಕೂದಲು ನೆಟ್ಟಗೆ ನಿಂತು ಅದರ ನಡುವೆ ಬಿಸಿ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗೆ ನೆನೆದರೆ ಕೂದಲು ಚಪ್ಪಟೆಯಾಗಿ ಆ ರಕ್ಷಣೆ ಹೋಯಿತು. ನವೆಂಬರ್, ಡಿಸೆಂಬರಿನಲ್ಲಿ ತಮಿಳುನಾಡಿನ ಕಡೆ ಚಂಡಮಾರುತ ಎದ್ದಾಗ ನಮ್ಮಲ್ಲಿ ಎರಡು ಮೂರು ದಿನ ಬಿಡದೆ ಸೋನೆ ಹಿಡಿಯುತ್ತಲ್ವಾ, ಜೊತೆಗೆ ಮೂಡಣ ಗಾಳಿ, ಕುದುರೆಗೆ ನಿಜವಾದ ಕಷ್ಟದ ಕಾಲ ಅದು. ಆಗ ಬೇಕಾಗುವುದು ಸೂರು, ಮತ್ತು ಗಾಳಿ ಬರುವ ಕಡೆ ಒಂದು ಮರೆ. ನಮ್ಮ ದ್ರಾಕ್ಷಿ, ಹೂವಿನ ತೋಟಗಳಲ್ಲಿ ಹಳೆ ಶೇಡ್‌ನೆಟ್ ಸುಮ್ನೆ ಬಿದ್ದಿರುತ್ತದೆ. ಎರಡು ಮಡಿಕೆ ಮಾಡಿ ಮೂಡಣ ದಿಕ್ಕಿಗೆ ಕಟ್ಟಿದರೆ ಗಾಳಿಯ ಹೊಡೆತ ಎಷ್ಟೋ ತಗ್ಗುತ್ತದೆ, ಗಾಳಿಯಾಟವೂ ಇರುತ್ತದೆ. ನೆಲಕ್ಕೆ ಒಣ ಹುಲ್ಲು ಹರಡಿ, ಲದ್ದಿ ಗಂಜಲ ದಿನಾ ತೆಗೆಯಿರಿ. ಸೂರೇ ಇಲ್ಲದವರಿಗೆ ಮಾತ್ರ ಆ ದಿನಗಳಲ್ಲಿ ಮಳೆ ತಡೆಯುವ 0 ಗ್ರಾಮಿನ ರಗ್ಗು ಉಪಯೋಗಕ್ಕೆ ಬರುತ್ತದೆ.

ಹೊಟ್ಟೆಯ ವಿಷಯವೂ ಇದರದ್ದೇ ಭಾಗ. ನಾರಿನ ಮೇವು ದೊಡ್ಡ ಕರುಳಿನಲ್ಲಿ ಕೊಳೆತು ಹುಳಿಯಾಗುವಾಗ ಶಾಖ ಹುಟ್ಟುತ್ತದೆ, ಕುದುರೆಗೆ ಅದೇ ಒಳಗಿನ ಒಲೆ. ಚಳಿ ಅಂತ ಹುರುಳಿ, ಬೂಸಾ ಜಾಸ್ತಿ ಮಾಡುವ ಬದಲು ರಾತ್ರಿ ಮಲಗುವ ಮೊದಲು ಇನ್ನೊಂದು ಹೊರೆ ಒಣಹುಲ್ಲು ಹಾಕಿ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣ ಮೇವು ಬೇಕು. ನೀರು ತಣ್ಣಗಿದ್ದರೆ ಕಡಿಮೆ ಕುಡಿಯುತ್ತವೆ, ಕಡಿಮೆ ಕುಡಿದರೆ ಲದ್ದಿ ಗಟ್ಟಿಯಾಗಿ ಹೊಟ್ಟೆನೋವು ಬರುತ್ತದೆ. ಬೆಳಗ್ಗೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ಇಟ್ಟು ನೋಡಿ.

ಮದುವೆ ಕುದುರೆಯವರಿಗೆ ಎರಡು ಮಾತು. ಧನುರ್ಮಾಸದಲ್ಲಿ ಮದುವೆ ಇಲ್ಲ, ಕುದುರೆ ಕಟ್ಟಿದ ಕಡೆಯೇ ನಿಂತಿರುತ್ತದೆ. ಓಡಾಡಿದರೆ ಮೈ ಬಿಸಿಯಾಗುತ್ತದೆ, ದಿನಾ ಸ್ವಲ್ಪ ಹೊತ್ತು ನಡೆಸಿ. ಮಾಸ ಕಳೆದ ಮೇಲೆ ರಾತ್ರಿ ಮೆರವಣಿಗೆ ಮುಗಿದಾಗ ಬೆವತ ಕುದುರೆಯನ್ನು ಛತ್ರದ ಹೊರಗೆ ಗಾಳಿಗೆ ಕಟ್ಟಿ ಊಟಕ್ಕೆ ಹೋಗಬೇಡಿ. ಜೀನು ಇಳಿಸಿ, ಹುಲ್ಲಿನ ಹಿಡಿಯಿಂದ ಮೈ ಉಜ್ಜಿ, ಕಂಬಳಿ ಹೊದಿಸಿ, ಒಣಗುವವರೆಗೆ ನಿಧಾನ ನಡೆಸಿ. ಒಣಗಿದ ಮೇಲೆ ಆ ಕಂಬಳಿಯನ್ನೂ ತೆಗೆದುಬಿಡಿ.

ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪು ಕಾಲದಲ್ಲೇ ಕುದುರೆ ಫಾರಂ ಶುರುವಾಗಿತ್ತು, ಕುದುರೆ ಈ ಭಾಗಕ್ಕೆ ಹೊಸದೇನಲ್ಲ. ಆದರೂ ಚಳಿಗಾಲದಲ್ಲಿ ದನ, ಕುರಿ, ಕೋಳಿ ಬಗ್ಗೆ ಪಶು ಇಲಾಖೆಯವರ ಸಲಹೆ ಪತ್ರಿಕೆಗಳಲ್ಲಿ ಕಾಣುವಷ್ಟು ಕುದುರೆ ಬಗ್ಗೆ ಕಾಣುವುದಿಲ್ಲ. ಸಂಕ್ರಾಂತಿ ಆದ ಮೇಲೆ ಜಾತ್ರೆಗಳು ಶುರು, ಕುದುರೆಗಳು ರಾತ್ರಿಯೆಲ್ಲಾ ಬಯಲಲ್ಲಿ ನಿಲ್ಲುತ್ತವೆ. ಅಷ್ಟರೊಳಗೆ ಇಲಾಖೆಯ ವೈದ್ಯರಿಂದ ಕುದುರೆಯ ಚಳಿಗಾಲದ ಆರೈಕೆ ಬಗ್ಗೆ ಒಂದು ಲೇಖನ ಬರೆಸಿ ಹಾಕಿ. ಅದರ ಜೊತೆ ಪಶು ಆಂಬುಲೆನ್ಸಿನ 1962 ನಂಬರನ್ನೂ ದೊಡ್ಡ ಅಕ್ಷರದಲ್ಲಿ ಹಾಕಿ. ಒಣ ಮರೆಯಲ್ಲಿ ನಿಲ್ಲಿಸಿ ಮೇವು ಕೊಟ್ಟ ಮೇಲೂ ಕುದುರೆ ನಡುಗುತ್ತಿದ್ದರೆ ರಗ್ಗಿನ ಮೇಲೆ ರಗ್ಗು ಹಾಕುತ್ತಾ ಕೂರದೆ ಜನ ಆ ನಂಬರಿಗೆ ಫೋನ್ ಮಾಡಲಿ.

ಇತಿ,
ಕುದುರೆ ಸಾಕುವ ಒಬ್ಬ ಓದುಗ
ನಂದಿ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು