ದಾರಂದ ಆರ್ಡರ್ ಕೊಡೋಕೆ ಮುಂಚೆ ಇದನ್ನ ಓದಮ್ಮ

ಡ್ರೆಸ್ಡೆನ್, ಜರ್ಮನಿ
ಶನಿವಾರ ರಾತ್ರಿ

ಅಮ್ಮಾ, ನಮಸ್ಕಾರ. ಅಪ್ಪಂಗೂ ನಮಸ್ಕಾರ ಹೇಳು. ನಾವು ಮೂರು ಜನಾನೂ ಚೆನ್ನಾಗಿದೀವಿ, ಚಿನ್ನಿಗೆ ಕೆಮ್ಮು ಪೂರ್ತಿ ಹೋಗಿದೆ.

ನಿನ್ನ ಮೆಸೇಜ್ ಬುಧವಾರಾನೇ ಬಂತು. ಹಿಂದಿನ ಬೀದಿ ಟೀಚರಮ್ಮನ ಮನೇಲಿ ಕಳ್ಳತನ ಆಗಿದ್ದು, ಅವರು ಮದುವೆಗೆ ಹೋಗಿದ್ದು, ಹಿತ್ತಲ ಬಾಗಿಲು ಮೀಟಿ ಒಳಗೆ ಬಂದಿದ್ದು ಎಲ್ಲಾ ಉದ್ದಕ್ಕೆ ಬರ್ದು, ಕೊನೇಲಿ ಒಂದೇ ಒಂದು ಲೈನು, "ಅಪ್ಪ ಬಚ್ಚಲಲ್ಲಿ ಸ್ವಲ್ಪ ಜಾರಿದ್ರು, ಏನಿಲ್ಲ". ಏನಿಲ್ಲ ಅಂದ್ರೆ ಏನಮ್ಮ? ಪುಟ್ಟಂಗೆ ಫೋನ್ ಮಾಡಿ ಎರಡು ಸಲ ಗದರಿಸಿದ ಮೇಲೆ ಗೊತ್ತಾಯ್ತು, ಅಪ್ಪ ಇಪ್ಪತ್ತು ನಿಮಿಷ ಒಳಗೇ ಬಿದ್ದಿದ್ರು, ಒಳಗಿಂದ ಚಿಲಕ ಹಾಕಿತ್ತು, ನೀನು ಹೊರಗೆ ನಿಂತು ಬಾಗಿಲು ಬಡೀತಿದ್ದೆ, ಪುಟ್ಟ ತೋಟದಿಂದ ಓಡಿಬಂದು ಒದ್ದು ಚಿಲಕ ಮುರಿದ್ರೂ ಬಾಗಿಲು ತೆಗೀಲಿಲ್ಲ, ಯಾಕಂದ್ರೆ ಅಪ್ಪನ ಕಾಲು ಬಾಗಿಲಿಗೇ ಅಡ್ಡ ಇತ್ತು. ಇದನ್ನ ಕೇಳಿ ನಂಗೆ ಅವತ್ತು ಆಫೀಸಲ್ಲಿ ಕೂರೋಕೆ ಆಗ್ಲಿಲ್ಲ. ಮಣಿಕಟ್ಟು ಬಾತಿದೆ ಅಷ್ಟೇ, ಮೂಳೆ ಮುರಿದಿಲ್ಲ ಅಂತ ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಿದಾರೆ ಅಂತ ಪುಟ್ಟ ಹೇಳ್ದ, ಅದೊಂದು ಸಮಾಧಾನ. ಆದ್ರೂ ಸೊಂಟ ನೋವು ಅಂತ ಅಪ್ಪ ಹೇಳಿದ್ರೆ ಮುಚ್ಚಿಡಬೇಡ, ಇನ್ನೊಂದು ಸಲ ತೋರಿಸಿ.

ಫೋನಲ್ಲಿ ಹೇಳೋಕೆ ಹೋದ್ರೆ ನೀನು ಅಳ್ತೀಯ, ನಾನೂ ಅಳ್ತೀನಿ, ಹೇಳಬೇಕಾದ್ದು ಅರ್ಧ ಉಳ್ಕೊಳುತ್ತೆ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ. ಪುಟ್ಟ ಹೇಳ್ದ, ಹೊಸ ಮನೆ ಗೋಡೆ ಮೂರಡಿ ಎದ್ದಿದೆ, ಬರೋ ವಾರ ದಾರಂದ, ಕಿಟಕಿಗೆಲ್ಲ ಆರ್ಡರ್ ಕೊಡ್ತೀವಿ, ಟೀಚರಮ್ಮನ ಮನೆ ಕಥೆ ಆದ್ಮೇಲೆ ಎಲ್ಲಾ ಕಿಟಕಿಗೂ ತೆಗೆಯೋಕೇ ಆಗದ ಗ್ರಿಲ್ಲು, ಮುಂದೆ ಕೊಲ್ಯಾಪ್ಸಿಬಲ್ ಗೇಟು, ಅದಕ್ಕೆ ದೊಡ್ಡ ಬೀಗ, ಬೀಗದ ಕೈ ಅಪ್ಪನ ದಿಂಬಿನ ಕೆಳಗೆ ಅಂತ. ಅಮ್ಮ, ಕಳ್ಳ ಒಳಗೆ ಬರಬಾರದು, ಸರಿ. ಆದ್ರೆ ಅವತ್ತು ಅಪ್ಪನ್ನ ಇಪ್ಪತ್ತು ನಿಮಿಷ ಹಿಡಿದಿಟ್ಟಿದ್ದು ಕಳ್ಳ ಅಲ್ಲ, ನಮ್ಮ ಮನೆ ಚಿಲಕ. ನಾನು ಹೇಳೋದೆಲ್ಲ ಇದೊಂದೇ ವಿಷಯದ ಸುತ್ತ ಇದೆ, ಪುಟ್ಟಂಗೂ ಮೇಸ್ತ್ರಿಗೂ ಓದಿ ಹೇಳು.

ಮೊದಲು ಬಚ್ಚಲು. ಹೋದ ವರ್ಷ ಚಿನ್ನಿ ಬಾತ್‌ರೂಮಲ್ಲಿ ಒಳಗಿಂದ ಲಾಕ್ ಮಾಡ್ಕೊಂಡು ತೆಗೆಯೋಕೆ ಬರದೆ ಕಿರುಚಾಡಿಬಿಟ್ಟಳು, ನಿಂಗೆ ಹೇಳಿರಲಿಲ್ಲ. ನಾನು ಗಾಬರಿಯಾಗಿ ಬಾಗಿಲು ಎಳೀತಿದ್ದೆ, ಕೆಳಗಿನ ಮನೆ ಅಜ್ಜಿ ಮೆಟ್ಟಿಲು ಹತ್ತಿ ಬಂದ್ರು, ಪರ್ಸಿಂದ ಒಂದು ನಾಣ್ಯ ತೆಗೆದ್ರು, ಹಿಡಿ ಕೆಳಗೆ ಹೊರಗಡೆ ಒಂದು ಸಣ್ಣ ಗೀರು ಇರುತ್ತೆ, ಅದರಲ್ಲಿ ನಾಣ್ಯ ಇಟ್ಟು ತಿರುಗಿಸಿದ್ರು, ಬಾಗಿಲು ತೆಗೆದುಕೊಂಡ್ತು. ಅಷ್ಟೇ! ಇಲ್ಲಿ ಬಾತ್‌ರೂಮ್ ಲಾಕೆಲ್ಲ ಹೀಗೇ ಇರುತ್ತೆ, ನಂಗೆ ಗೊತ್ತೇ ಇರಲಿಲ್ಲ. ನಮ್ಮಲ್ಲೂ ಈ ಥರ ಲಾಕ್ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ಬಾತ್‌ರೂಮ್ ಲಾಕು, ಹೊರಗಿಂದ ನಾಣ್ಯದಲ್ಲಿ ತೆಗೆಯೋದು ಅಂತ ಕೇಳಿದ್ರೆ ಕೊಡ್ತಾರೆ. ಆ ಉದ್ದ ಚಿಲಕ ಬೇಡವೇ ಬೇಡ. ಎರಡನೇದು, ಬಾಗಿಲು ಹೊರಗಡೆ ತೆಗೆಯೋ ಹಾಗೆ ಕೂರಿಸಬೇಕು. ಒಳಗೆ ತೆಗೆಯೋ ಬಾಗಿಲಾದ್ರೆ ಬಿದ್ದವರ ಮೈಯೇ ಅಡ್ಡ ಬರುತ್ತೆ, ನಾವು ಕಣ್ಣಾರೆ ಕಂಡಿದೀವಿ. ಮೇಸ್ತ್ರಿ ಓಡಾಡೋಕೆ ಅಡ್ಡ ಆಗುತ್ತೆ ಅಂತಾನೆ, ಅನ್ನಲಿ. ಮೂರನೇದು ಅಗಲ. ಬಚ್ಚಲಿಗೆ ಎರಡೂವರೆ ಅಡಿ ದಾರಂದ ಅಂತ ಪ್ಲಾನಲ್ಲಿದೆ, ಅದನ್ನ ಒಳಗಿನ ಅಳತೆ ಪೂರ್ತಿ ಮೂರಡಿ ಬರೋ ಹಾಗೆ ಮಾಡ್ಸು. ವೀಲ್‌ಚೇರ್ ಅಂತ ಅಪ್ಪನ ಮುಂದೆ ಬಾಯಿ ಬಿಡಬೇಡ, ಬೇಜಾರು ಮಾಡ್ಕೋತಾರೆ. ಯಾರಾದ್ರೂ ಪಕ್ಕದಲ್ಲಿ ಕೈ ಹಿಡ್ಕೊಂಡು ಹೋಗಬೇಕಾದ್ರೂ ಅಷ್ಟು ಅಗಲ ಬೇಕೇ ಬೇಕು. ಆಮೇಲೆ ಬಚ್ಚಲ ಬಾಗಿಲಲ್ಲಿ ನಾಲ್ಕಿಂಚು ಮೆಟ್ಟಿಲು ಬೇಡ, ನೀರು ಹೊರಗೆ ಬರದಂಗೆ ಅರ್ಧ ಇಂಚು ಪಟ್ಟಿ ಸಾಕು, ಇಳಿಜಾರನ್ನ ಗಟಾರದ ಕಡೆಗೆ ಸರಿಯಾಗಿ ಕೊಟ್ರೆ ನೀರು ಹರ್ಕೊಂಡು ಹೋಗುತ್ತೆ.

ಟೈಲ್ಸ್ ಆರಿಸೋಕೆ ಸುಮಕ್ಕನ ಕರ್ಕೊಂಡು ಹೋಗ್ತೀಯ ಅಂತ ಗೊತ್ತು. ಹೊಳೆಯೋದು ಹಾಲ್‌ಗೆ ಹಾಕಿಸ್ಕೋ, ನಂದೇನೂ ತಕರಾರಿಲ್ಲ. ಬಚ್ಚಲಿಗೆ, ಯುಟಿಲಿಟಿಗೆ, ಹೊರಗಿನ ಮೆಟ್ಟಿಲಿಗೆ ಮಾತ್ರ ಒರಟಾಗಿರೋದೇ ಬೇಕು, ಅಂಗಡೀಲಿ ಟೈಲ್ಸ್ ಮೇಲೆ ನೀರು ಹಾಕ್ಸಿ ಚಪ್ಪಲಿ ಬಿಟ್ಟು ಒದ್ದೆ ಕಾಲಲ್ಲಿ ನಿಂತು ನೋಡು. ಕಮೋಡ್ ಪಕ್ಕ ಗೋಡೆಗೆ, ಸ್ನಾನ ಮಾಡೋ ಜಾಗದಲ್ಲಿ ಸ್ಟೀಲ್ ಹಿಡಿಕೆ ಬರಬೇಕು. ಮೇಸ್ತ್ರಿ ಒಳಗೋಡೆಗೆ ಟೊಳ್ಳು ಬ್ಲಾಕ್ ಹಾಕ್ತಿದಾನಂತೆ, ಅದಕ್ಕೆ ಬೋಲ್ಟ್ ಹಿಡಿಯಲ್ಲ, ಮನುಷ್ಯನ ಭಾರ ಬಿದ್ರೆ ಕಿತ್ಕೊಂಡು ಬರುತ್ತೆ, ಆ ಜಾಗದಲ್ಲಿ ಈಗಲೇ ಗಟ್ಟಿ ಕಾಂಕ್ರೀಟ್ ತುಂಬಿಸಿಬಿಡಲಿ. ಟೈಲ್ಸ್ ಆದ್ಮೇಲೆ ಏನೂ ಮಾಡೋಕಾಗಲ್ಲ. ಇಲ್ಲಿ ಆಸ್ಪತ್ರೆ ಟಾಯ್ಲೆಟ್‌ಗಳಲ್ಲಿ ಒಂದು ಕೆಂಪು ದಾರ ನೆಲದವರೆಗೂ ನೇತಾಡ್ತಿರುತ್ತೆ, ಬಿದ್ದವರು ಬಿದ್ದಲ್ಲಿಂದಲೇ ಎಳೆದ್ರೆ ನರ್ಸ್ ಓಡಿ ಬರ್ತಾರೆ. ನಮಗೆ ಅಷ್ಟೆಲ್ಲ ಬೇಡ, ಬ್ಯಾಟರಿಯ ವೈರ್‌ಲೆಸ್ ಬೆಲ್ ಬರುತ್ತಲ್ಲ, ನೀರು ಬಿದ್ರೂ ಹಾಳಾಗದ್ದು, ಅದರ ಗುಂಡಿಯನ್ನ ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿದ್ರೆ ಆಯ್ತು. ಕರೆಂಟಿನ ಸ್ವಿಚ್ ಮಾತ್ರ ಅಲ್ಲಿ ಕೆಳಗೆ ಇಡ್ಲೇಬಾರದು.

ಇನ್ನು ರೂಮು. ಮಾಸ್ಟರ್ ಬೆಡ್‌ರೂಮು ಮೇಲೆ, ಕೆಳಗಡೆ ಗೆಸ್ಟ್ ರೂಮು ಅಂತ ಯಾಕಮ್ಮ? 30-40 ಸೈಟಲ್ಲಿ ಕೆಳಗೆ ಇರೋದೇ ಒಂದು ರೂಮು. ಗೆಸ್ಟು ವರ್ಷಕ್ಕೆ ಎಷ್ಟು ದಿನ ಬರ್ತಾರೆ? ನೀವು ದಿನಾ ಹತ್ತಿ ಇಳೀಬೇಕು. ಯಜಮಾನರ ಕೋಣೆ ನೈರುತ್ಯದಲ್ಲೇ ಇರಬೇಕು ಅಂತ ಅಪ್ಪ ಹಠ ಮಾಡಿದಾರೆ ಅಂದೆ, ಪ್ಲಾನ್ ಮತ್ತೆ ನೋಡು, ಕೆಳಗಿನ ರೂಮೂ ನೈರುತ್ಯದಲ್ಲೇ ಇದೆ! ವಾಸ್ತು ಒಂದಿಂಚೂ ಅಲ್ಲಾಡಲ್ಲ. ನಾವು ರಜಕ್ಕೆ ಬಂದಾಗ ಮೇಲೆ ಮಲಗ್ತೀವಿ. ಮುಂದಿನ ಮೆಟ್ಟಿಲಿಗೆ ಎಂಟಿಂಚಿನ ಮೂರು ಸಾಕು ಅಂತ ಮೇಸ್ತ್ರಿ ಹೇಳಿದಾನಂತೆ, ಬೇಡ, ಆರಿಂಚಿನ ನಾಲ್ಕು ಮಾಡ್ಲಿ, ಕಾಲಿಡೋ ಜಾಗ ಒಂದಡಿ ಇರಲಿ, ಎರಡೂ ಕಡೆ ಕಂಬಿ. ರ‍್ಯಾಂಪ್ ಮಾಡೋಣ ಅಂತ ನಾನೂ ಲೆಕ್ಕ ಹಾಕ್ದೆ, ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ನಮ್ಮ ಪಾಯ ಎರಡಡಿ ಎದ್ದಿರೋದಕ್ಕೆ 24 ಅಡಿ, ಗೇಟಿಂದ ಬಾಗಿಲಿಗೆ ಅಷ್ಟು ಜಾಗ ಎಲ್ಲಿದೆ. ಪಾಯ ಕಮ್ಮಿ ಮಾಡೋಕೂ ಆಗಲ್ಲ, ಪ್ರತಿ ಸಲ ಟಾರು ಹಾಕ್ದಾಗಲೂ ರಸ್ತೆ ಮೇಲೇಳುತ್ತೆ, ದೊಡ್ಡಮ್ಮನ ಮನೆ ಅಂಗಳಕ್ಕೆ ಈಗ ರಸ್ತೆ ನೀರೇ ನುಗ್ಗುತ್ತಲ್ಲ.

ಈಗ ಕಳ್ಳರ ವಿಷಯ, ನಿಂಗೆ ನಿದ್ದೆ ಬರ್ತಿಲ್ಲ ಅಂದ್ಯಲ್ಲ. ಇಲ್ಲಿ ಕಿಟಕಿಗೆ ಗ್ರಿಲ್ಲೇ ಇಲ್ಲಮ್ಮ, ಬಂದ ಹೊಸದ್ರಲ್ಲಿ ನೆಲಮಹಡಿ ಮನೇಲಿದ್ದಾಗ ನಂಗೂ ರಾತ್ರಿಯೆಲ್ಲ ಎಚ್ಚರ. ಆದ್ರೆ ಇಲ್ಲಿಯವರದ್ದು ಬೇರೆ ಲೆಕ್ಕ. ಪೊಲೀಸರೇ ಜನಕ್ಕೆ ಫ್ರೀಯಾಗಿ ಸಲಹೆ ಕೊಡ್ತಾರೆ, ಮನೆಗೆ ಯಾವ ಬಾಗಿಲು ಯಾವ ಕಿಟಕಿ ಹಾಕಿಸ್ಬೇಕು ಅಂತ. ಆರ್‌ಸಿ 2 ಅಂತ ಒಂದು ದರ್ಜೆ, ಸ್ಕ್ರೂಡ್ರೈವರ್, ಇಕ್ಕಳ, ಬೆಣೆ ಇಟ್ಕೊಂಡು ಬಂದ ಕಳ್ಳನ್ನ ಆ ಬಾಗಿಲು ಮೂರು ನಿಮಿಷ ತಡೀಬೇಕು. ಬರೀ ಮೂರೇ ನಿಮಿಷಾನಾ ಅಂದ್ಕೊಂಡೆ. ನಮ್ಮನೆಯವ್ರು ಹೇಳಿದ್ರು, ಮೂರು ನಿಮಿಷ ಸದ್ದು ಮಾಡ್ಕೊಂಡು ನಿಲ್ಲೋಕೆ ಕಳ್ಳಂಗೆ ಧೈರ್ಯ ಇರಲ್ಲ, ಬಿಟ್ಟು ಹೋಗ್ತಾನೆ. ಕಿಟಕಿ ಅಂಚಲ್ಲಿ ಅಣಬೆ ತಲೆ ಥರ ಕಬ್ಬಿಣದ ಗೂಟ ಇರ್ತವೆ, ಮುಚ್ಚಿದಾಗ ಚೌಕಟ್ಟಿನೊಳಗೆ ಕಚ್ಕೊಳುತ್ತೆ, ಮೀಟಿದ್ರೆ ಬರಲ್ಲ. ನಂಗೆ ಅಜ್ಜಿ ಮನೆ ತಲೆಬಾಗಿಲು ನೆನಪಾಯ್ತು, ಗೋಡೆಯೊಳಗಿಂದ ಎಳೆಯೋ ಆ ಮರದ ಅಗುಳಿ, ಅದೂ ಮೀಟೋಕೆ ಬರ್ತಿರಲಿಲ್ಲ, ಒಳಗಿಂದ ಮಾತ್ರ ಮಕ್ಕಳೂ ಸರಿಸಬಹುದಿತ್ತು.

ನಮ್ಮ ಮನೇಲಿ ನೋಡು, ಮುಂಬಾಗಿಲಿಗೆ ತೇಗ, ಹಿತ್ತಲ ಬಾಗಿಲಿಗೆ ಅಗ್ಗದ ಫ್ಲಶ್ ಡೋರು. ಟೀಚರಮ್ಮನ ಮನೇಲೂ ಹಿತ್ತಲಿಂದಲೇ ತಾನೆ ಬಂದಿದ್ದು? ಮುಂಬಾಗಿಲ ಕೆತ್ತನೆಗೆ ಕೊಡೋ ದುಡ್ಡಲ್ಲಿ ಸ್ವಲ್ಪ ಉಳಿಸಿ ಹಿತ್ತಲಿಗೂ ಗಟ್ಟಿ ಮರ ಹಾಕ್ಸಿ, ದಾರಂದಕ್ಕೆ ಒಂದೊಂದು ಕಡೆ ಗೋಡೆಗೆ ಕಚ್ಚಿಸೋ ಮೂರು ಕಬ್ಬಿಣದ ಪಟ್ಟಿ, ಅಂದ್ರೆ ಹೋಲ್ಡ್‌ಫಾಸ್ಟ್, ಮೂರು ಹಿಂಜು ಉದ್ದನೆ ಸ್ಕ್ರೂದು, ಮೇಲೊಂದು ಕೆಳಗೊಂದು ಬೋಲ್ಟು, ಮಧ್ಯ ಅಡ್ಡಪಟ್ಟಿ. ಟೆರೇಸ್ ಬಾಗಿಲೂ ಹಂಗೇ, ತಗಡು ಬಾಗಿಲು ಹಾಕಿ ಬಿಟ್ಬಿಡ್ತಾರೆ, ಕಾಂಪೌಂಡ್ ಹತ್ತಿ ಸಜ್ಜಾ ಮೇಲೆ ಕಾಲಿಟ್ರೆ ಮೇಲೆ ಹೋದ ಹಾಗೇನೇ.

ಕಿಟಕಿ ಗ್ರಿಲ್ ಹಾಕ್ಸಿ, ನಾನು ಬೇಡ ಅನ್ನಲ್ಲ, ನಮ್ಮೂರಲ್ಲಿ ಕಿಟಕಿ ತೆಗೆದು ಮಲಗ್ಲೇಬೇಕು. 12 ಎಂಎಂ ಸರಳು, ನಾಲ್ಕಿಂಚಿಗಿಂತ ಕಮ್ಮಿ ಸಂದು, ಸ್ಕ್ರೂ ಹೊರಗಡೆ ಕಾಣಬಾರದು. ಆದ್ರೆ ಒಂದೊಂದು ಮಲಗೋ ಕೋಣೇಲೂ ಒಂದು ಕಿಟಕಿ ಗ್ರಿಲ್ಲು ಬಾಗಿಲಿನ ಥರ ತೆಗೆಯೋ ಹಾಗಿರಬೇಕು, ಒಳಗಡೆ ಬೀಗ, ಬೀಗದ ಕೈ ಕಿಟಕಿಯಿಂದ ಕೈ ಹಾಕಿದ್ರೆ ಸಿಗದಷ್ಟು ದೂರ ಮೊಳೆಗೆ ನೇತಾಕಿ. ಮುಂಬಾಗಿಲು ರಾತ್ರಿ ಹೊತ್ತು ಒಳಗಿಂದ ಬೀಗದ ಕೈ ಇಲ್ಲದೆ ತೆಗೆಯೋಕೆ ಬರಬೇಕು. ಶಾರ್ಟ್ ಸರ್ಕ್ಯೂಟ್ ಆಗಿ ಮನೆ ತುಂಬ ಹೊಗೆ ಬಂದ್ರೆ ಕತ್ತಲಲ್ಲಿ ದಿಂಬಿನ ಕೆಳಗೆ ಯಾರು ಹುಡುಕ್ತಾರಮ್ಮ? ಇಲ್ಲಿ ಫ್ರಾಂಕ್‌ಫರ್ಟಲ್ಲಿ 2015ರಲ್ಲಿ ಕೋರ್ಟೇ ಹೇಳ್ತು, ಅಪಾರ್ಟ್‌ಮೆಂಟ್ ಮುಂಬಾಗಿಲಿಗೆ ರಾತ್ರಿ ಬೀಗ ಹಾಕಬಾರದು, ಬೆಂಕಿ ಬಿದ್ರೆ ಜನ ಸಿಕ್ಕಾಕೊಳ್ತಾರೆ ಅಂತ. ಮಲಗೋ ಕೋಣೇಲಿ ಹೊಗೆ ಅಲಾರಂ ಇರ್ಲೇಬೇಕು ಅಂತ ಈ ದೇಶದ ಎಲ್ಲಾ ರಾಜ್ಯದಲ್ಲೂ ಕಾನೂನಿದೆ, ನಮ್ಮ ಮನೇಲಿ ಕಾರಿಡಾರಲ್ಲೂ ಒಂದಿದೆ, ಅದು ಸಾಸಿವೆ ಒಗ್ಗರಣೆಗೂ ಕೂಗುತ್ತೆ. ಬರುವಾಗ ಎರಡು ತರ್ತೀನಿ.

ಪುಟ್ಟಂಗೆ ಹೇಳು, ಎಲೆಕ್ಟ್ರಿಷಿಯನ್ ಎಷ್ಟೇ ಬೇಡ ಅಂದ್ರೂ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸ್ಲೇಬೇಕು, ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಮುಟ್ಟೋದು ಅಪ್ಪನ ಅಭ್ಯಾಸ. ಗ್ಯಾಸ್ ಗೀಸರ್ ಅಂತೂ ಬಚ್ಚಲೊಳಗೆ ಬೇಡ, ಮುಚ್ಚಿದ ಜಾಗದಲ್ಲಿ ಅದರ ಹೊಗೆ ವಾಸನೇನೂ ಇಲ್ಲದೆ ಪ್ರಾಣ ತೆಗೆಯುತ್ತೆ. ಸಿಲಿಂಡರ್ ಹೊರಗಡೆ ಜಾಲರಿ ಗೂಡಲ್ಲಿ ಇರಲಿ, ಗ್ಯಾಸು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ, ಗೂಡಿಗೆ ನೆಲದ ಮಟ್ಟದಲ್ಲಿ ಕಿಂಡಿ ಬೇಕು. ಸಂಪಿನ ಮುಚ್ಚಳಕ್ಕೆ ಬೀಗ, ಚಿನ್ನಿ ಬರ್ತಾಳೆ. ಚಾವಣಿಗೆ ಮೋಲ್ಡ್ ಹಾಕೋ ಮುಂಚೆ ಗೇಟಿನವರೆಗೂ, ನಾಲ್ಕು ಮೂಲೆಗೂ ಖಾಲಿ ಪೈಪ್ ಬಿಡಿಸಿಬಿಡ್ಲಿ, ಕ್ಯಾಮೆರಾ ಯಾವಾಗ ಬೇಕಾದ್ರೂ ಹಾಕ್ಬಹುದು. ಕ್ಯಾಮೆರಾ ರೆಕಾರ್ಡ್ ಆಗೋ ಡಬ್ಬ ಟಿವಿ ಪಕ್ಕ ಇಡಬೇಡಿ, ಕಳ್ಳ ಮೊದಲು ಅದನ್ನೇ ಹೊತ್ಕೊಂಡು ಹೋಗೋದು.

ದುಡ್ಡಿನ ಚಿಂತೆ ಮಾಡ್ಬೇಡ. ಇದಕ್ಕೆಲ್ಲ ಹೆಚ್ಚಿಗೆ ಆಗೋದು ನಾನು ಕಳಿಸ್ತೀನಿ, ಸೋಮವಾರ ಎರಡು ಲಕ್ಷ ಹಾಕ್ತೀನಿ, ಇವ್ರೂ ಒಪ್ಪಿದಾರೆ, ಅವರೇ ಮೊದಲು ಹೇಳಿದ್ದು. ಲೋನ್ ಜಾಸ್ತಿ ಮಾಡ್ಸೋದು ಬೇಡ. ನಮಗೆ ಇಲ್ಲಿ ಏನೂ ಕಮ್ಮಿ ಇಲ್ಲ, ಕೆಲಸ ಗಟ್ಟಿ ಇದೆ, ಚಳಿ ಏನೂ ಅಷ್ಟೊಂದಿಲ್ಲ, ಊಟ ಚೆನ್ನಾಗಿ ಮಾಡ್ತೀನಿ, ನೀನು ಕಳಿಸಿದ ಸಾರಿನ ಪುಡಿ ಇನ್ನೂ ಅರ್ಧ ಡಬ್ಬ ಇದೆ. ನಿಜವಾಗ್ಲೂ ಚೆನ್ನಾಗಿದೀವಿ.

ಅಲ್ಲಿವರೆಗೂ ಹಳೇ ಮನೆ ಬಚ್ಚಲ ಚಿಲಕ ನಾಳೆ ಬೆಳಿಗ್ಗೇನೇ ಕಿತ್ತಾಕಿಸು. ಅಪ್ಪ ಒಪ್ಪದಿದ್ರೆ ನಾನು ಹೇಳ್ದೆ ಅನ್ನು. ಬಾಗಿಲಿಗೆ ಟವೆಲ್ ಹಾಕಿದ್ರೆ ಒಳಗೆ ಯಾರೋ ಇದಾರೆ ಅಂತ ಗೊತ್ತಾಗುತ್ತೆ, ಅಷ್ಟು ಸಾಕು. ನೆಲದ ಪಾಚಿ ಬ್ಲೀಚಿಂಗ್ ಪೌಡರ್ ಹಾಕಿ ಪುಟ್ಟನ ಕೈಲಿ ಉಜ್ಜಿಸು, ನೀನು ಹೋಗಿ ಜಾರಬೇಡ. ಏನಾದ್ರೂ ಆದ್ರೆ 112ಕ್ಕೆ ಫೋನ್ ಮಾಡೋದು, ಇಲ್ಲೂ ಆಂಬುಲೆನ್ಸಿಗೆ ಅದೇ ನಂಬರು, ಚಿನ್ನಿಗೇ ಬಾಯಿಪಾಠ ಇದೆ, ನೀನೂ ಕಲ್ತ್ಕೋ.

ಇವ್ರು ಕರೀತಿದಾರೆ, ಚಿನ್ನಿ ಎದ್ಬಿಟ್ಲು. ಅಪ್ಪನ ಕೈ ಫೋಟೋ ತೆಗೆದು ಕಳಿಸು, ಬೆಳಿಗ್ಗೇನೇ ಕಳಿಸು.

ನಿನ್ನ ಮಗಳು

ಮರೆತೆ, ದಾರಂದ ಮೂರಡಿ ಒಳಗಿನ ಅಳತೆ, ಹೊರಗಿನದ್ದಲ್ಲ.